ಕಟಿಗಿ ಆಯಿ ಮತ್ತು ನಮ್ಮ ಲಾರಿಯ ಬಣ್ಣ

ಡಬ್ಬಿಯ ಮುಚ್ಚಳ ತೆಗೆದ ಕೂಡಲೇ ವಾಸನೆ ಪಡಸಾಲೆಯವರೆಗೂ ಬಂತು. ಸೀಮೆಎಣ್ಣೆಯೂ ಅಲ್ಲ, ಸುಣ್ಣವೂ ಅಲ್ಲ; ಎರಡನ್ನೂ ಕಲಸಿಟ್ಟ ಹಾಗೆ ಒಂದು ವಾಸನೆ. ಹೊರಗೆ ಬಂದು ನೋಡಿದರೆ ಮೊಮ್ಮಗಳು ಪಿಕಪ್ ಗಾಡಿಯ ಪಕ್ಕ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಆನೆಗೊಂದಿಯ ತೋಟದಿಂದ ಬಾಳೆಗೊನೆ ತುಂಬಿಕೊಂಡು ಬಂದ ಗಾಡಿ. ಹೊಸದು, ಬಿಳಿ ಬಣ್ಣ. ಎಡಮಗ್ಗುಲಿಗೆ ಬಾಗಿಲಿನಿಂದ ಹಿಂದಿನ ಗಾಲಿಯವರೆಗೆ ಬೆಕ್ಕು ಪರಚಿದ ಹಾಗೆ ಗೀರುಗಳು. ತೋಟದ ದಾರಿಯ ಜಾಲಿಕಂಟಿ ತನ್ನ ಸಹಿ ಹಾಕಿ ಕಳಿಸಿತ್ತು. ಹುಡುಗಿ ಅರಿವೆಗೆ ಪಾಲಿಶ್ ಹಚ್ಚಿಕೊಂಡು ಧೂಳಿನ ಮೇಲೆಯೇ ತಿಕ್ಕಲು ಹೊರಟಿದ್ದಳು.

"ಮೊದಲ ನೀರು ಹಾಕಿ ತೊಳಿ," ಎಂದೆ. "ಧೂಳಿನ ಮ್ಯಾಲೆ ತಿಕ್ಕಿದ್ರ ಜಾಲಿ ಅರ್ಧ ಬಿಟ್ಟಿದ್ದನ್ನ ನೀ ಪೂರಾ ಮಾಡಿದಂಗ."

"ರೊಟ್ಟಿ ಬಡಿಯೋ ಮುದುಕಿಗೆ ಗಾಡಿ ಪಾಲಿಶ್ ಯಾರ್ ಕಲಿಸಿದ್ರು?" ಎಂದು ನಕ್ಕಳು. ನಕ್ಕರೂ ತೊಳೆದಳು.

ನಾನು ಕಟ್ಟೆಯ ಮೇಲೆ ಕುಳಿತು ಹೇಳುತ್ತ ಹೋದೆ. ಗೀರಿನ ಮೇಲೆ ಒದ್ದೆ ಬೆರಳು ಎಳೆದು ನೋಡು, ಒದ್ದೆ ಇರುವಷ್ಟು ಹೊತ್ತು ಗೀರು ಮಾಯವಾದರೆ ಅದು ಮೇಲಿನ ಹೊಳಪಿನ ಗಾಯ, ತಿಕ್ಕಿದರೆ ಹೋಗುತ್ತದೆ. ಉಗುರು ಆಡಿಸಿ ನೋಡು, ಉಗುರು ಸಿಕ್ಕಿಕೊಂಡರೆ ಆಳಕ್ಕೆ ಹೋಗಿದೆ, ತಿಕ್ಕಿ ಪ್ರಯೋಜನವಿಲ್ಲ, ಬಣ್ಣ ತುಂಬಬೇಕು. ಮೆತ್ತನೆಯ ಹಳೆ ಅರಿವೆ ತಗೋ, ಪಾತ್ರೆ ತಿಕ್ಕುವವಳ ಹಾಗೆ ರಟ್ಟೆಯ ಬಲ ಹಾಕಬೇಡ, ಕೂಸಿಗೆ ಎಣ್ಣೆ ಹಚ್ಚುವ ಹಾಗೆ ಕೈ ಆಡಿಸು. ಆಮೇಲೆ ಮೇಣ ಹಚ್ಚು. ಮೇಣ ಇದ್ದರೆ ಸಣ್ಣ ಕಡ್ಡಿ ಜಾರಿ ಹೋಗುತ್ತದೆ.

ಇದನ್ನೆಲ್ಲ ಗಂಗಾವತಿಯ ಒಬ್ಬ ಪೇಂಟರ್ ನಮ್ಮ ಮನೆಯವರಿಗೆ ಹೇಳಿಕೊಟ್ಟಿದ್ದು, ಅವರು ನನಗೆ ಹೇಳಿದ್ದು. ಆದರೆ ಆ ವಾಸನೆಗೆ ನನಗೆ ನೆನಪಾದದ್ದು ಪೇಂಟರ್ ಅಲ್ಲ. ಜೀವಮಾನದಲ್ಲಿ ಇಂಥ ಡಬ್ಬಿಯನ್ನು ಮುಟ್ಟದಿದ್ದ ಒಬ್ಬ ಮುದುಕಿ. ಊರವರು ಅವಳನ್ನು ಕಟಿಗಿ ಆಯಿ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಹೆಸರು ಇತ್ತು, ಎಲ್ಲರಿಗೂ ಇರುತ್ತದೆ. ಹೆಸರು ಹಿಡಿದು ಕರೆಯುವವರು ಯಾರೂ ಉಳಿದಿರಲಿಲ್ಲ.

ಯಲಬುರ್ಗಾ ಕಡೆಯ ಒಣ ಸೀಮೆಯವಳು. ನಾಟಿ ಹಚ್ಚುವ ಕೂಲಿಗೆ ಅಂತ ಒಂದು ವರ್ಷ ಗುಂಪಿನ ಜೊತೆ ನಮ್ಮ ಕಾಲುವೆ ಸೀಮೆಗೆ ಬಂದಳಂತೆ. ಗುಂಪು ತಿರುಗಿ ಹೋಯಿತು, ಇವಳು ಹೋಗಲಿಲ್ಲ. ಕಾಲುವೆಯ ದಂಡೆಯ ಕೆಳಗೆ ಒಂದು ಗುಡಿಸಲು, ಒಂದು ಕೊಡಲಿ, ಒಂದು ಗುದ್ದಲಿ, ತಲೆಯ ಮೇಲೆ ಹಳೆ ಸೀರೆಯ ಸಿಂಬಿ. ಸೊಂಟ ಬಗ್ಗಿ ನಾಟಿ ಹಚ್ಚಲು ಆಗದ ವಯಸ್ಸಾದ ಮೇಲೆ ಜಾಲಿ ಕಡಿದು ಉರುವಲು ಮಾರತೊಡಗಿದಳು. ಗಂಗಾವತಿಯ ಖಾನಾವಳಿಗಳಿಗೆ ಅವಳ ಹೊರೆ ಹೋಗುತ್ತಿತ್ತು. ನಮ್ಮ ಲಾರಿ ಪ್ಯಾಟಿಗೆ ಹೋಗುವಾಗ ಭತ್ತದ ಚೀಲಗಳ ಮೇಲೆ ಅವಳ ಹೊರೆ, ಹೊರೆಯ ಮೇಲೆ ಅವಳು. ಬಾಯಿ ಮಾತ್ರ... ಅವಳ ಬಾಯಿಗಿಂತ ಜಾಲಿಮುಳ್ಳು ವಾಸಿ ಅಂತ ನಮ್ಮ ಅತ್ತೆ ಅನ್ನುತ್ತಿದ್ದಳು. ಹಾಗಂದರೂ ಆಯಿ ಅಂಗಳಕ್ಕೆ ಬಂದರೆ ಅತ್ತೆ ಮಜ್ಜಿಗೆ ಕೊಡದೆ ಕಳಿಸಿದವಳಲ್ಲ.

ಲಾರಿ ನಮ್ಮದು ಅಂದೆ. ನಮ್ಮದಲ್ಲ, ನಮ್ಮ ಭಾವನವರದು, ನನ್ನ ಗಂಡನ ಅಣ್ಣ. ಅವರು ಕೊಪ್ಪಳದಲ್ಲಿ ಇದ್ದರು, ಕಾಳಿನ ವ್ಯಾಪಾರ. ಲಾರಿ ತಂದು ತಮ್ಮನ ಕೈಗೆ ಕೀಲಿ ಕೊಟ್ಟಿದ್ದರು. ನಮ್ಮ ಮನೆಯವರು ಹೊಡೆಯುತ್ತಿದ್ದರು, ಮನೆ ಅದರ ಮೇಲೆ ನಡೆಯುತ್ತಿತ್ತು. ಪ್ಯಾಟಿಯ ಲಾರಿಗಳು ಡಾಂಬರು ರಸ್ತೆ ಬಿಟ್ಟು ಕೆಳಗೆ ಇಳಿಯುತ್ತಿರಲಿಲ್ಲ. ರೈತರು ಭತ್ತವನ್ನು ಬಂಡಿಯಲ್ಲಿ ಹೇರಿ ರಸ್ತೆಗೆ ತರಬೇಕಿತ್ತು. ನಮ್ಮ ಲಾರಿ ಕಾಲುವೆಯ ದಂಡೆ ಹಿಡಿದು ಗದ್ದೆಯ ಬದುವಿನವರೆಗೆ ಹೋಗುತ್ತಿತ್ತು, ಅದಕ್ಕೇ ತೆಲುಗು ಸೀಮೆಯಿಂದ ಬಂದು ಕಾಲುವೆಯ ಪಕ್ಕ ನೆಲೆಸಿದ್ದ ಕ್ಯಾಂಪಿನ ರೈತರು ನಮ್ಮನ್ನು ಕರೆಯುತ್ತಿದ್ದರು. ಒಳಗೆ ಹೋಗುವುದಿಲ್ಲ ಅಂದರೆ ನಮಗೂ ಪ್ಯಾಟಿಯವರಿಗೂ ಏನು ಭೇದ? ಗಿರಾಕಿ ಉಳಿಯುತ್ತಿರಲಿಲ್ಲ.

ಆ ದಂಡೆಯ ದಾರಿಯ ಎರಡೂ ಕಡೆ ಬಳ್ಳಾರಿ ಜಾಲಿ. ನೆಟ್ಟವರಿಲ್ಲ, ನೀರು ಹಾಕಿದವರಿಲ್ಲ, ಆದರೂ ಗೋಡೆ ಕಟ್ಟಿದ ಹಾಗೆ. ಲಾರಿ ಒಳಗೆ ಹೊಕ್ಕರೆ ಪಾಟಿಯ ಮೇಲೆ ಉಗುರು ಎಳೆದ ಸದ್ದು ಕೊನೆಯವರೆಗೂ. ಕೂತವರ ಹಲ್ಲು ಜುಮ್ಮೆನ್ನುತ್ತಿತ್ತು.

ಭಾವನವರು ಆ ಲಾರಿಗೆ ನೀಲಿ ಬಣ್ಣ ಹೊಡೆಸಿ, ಹಳದಿ ಪಟ್ಟಿ ಎಳೆಸಿ, ಎರಡೂ ಬಾಗಿಲಿಗೆ ಒಂದೊಂದು ಹಸಿರು ಗಿಳಿ ಬರೆಸಿದ್ದರು. ಮನುಷ್ಯ ಜಿಪುಣನಲ್ಲ, ಕೆಟ್ಟವನೂ ಅಲ್ಲ. ಬಣ್ಣ ಅಂದರೆ ಮಾತ್ರ ಜೀವ. ಅದಕ್ಕೆ ಕಾರಣವೂ ಇತ್ತು. ಬಣ್ಣ ಕಿತ್ತ ಕಡೆ ಹಸಿ ಭತ್ತದ ತೇವ ಹತ್ತಿದರೆ ತಗಡು ತುಕ್ಕು ಹಿಡಿಯುತ್ತದೆ. ಒಂದು ಮಳೆಗಾಲ ಸಾಕು, ಉಗುರಿನಷ್ಟಿದ್ದ ತುಕ್ಕು ಅಂಗೈ ಅಗಲ ಆಗುತ್ತದೆ. ಅವರು ತಿಂಗಳಿಗೊಮ್ಮೆ ಬಂದು ಲಾರಿಯ ಸುತ್ತ ಕೈ ಸವರಿಕೊಂಡು ಒಂದು ಸುತ್ತು ಹಾಕುತ್ತಿದ್ದರು, ಎತ್ತು ಕೊಳ್ಳುವವರು ಸವರುತ್ತಾರಲ್ಲ ಹಾಗೆ.

ಒಂದು ಸಲ ಎಡಗಡೆಯ ಗಿಳಿಯ ಕಣ್ಣ ಮೇಲೇ ಗೀರು ಬಿತ್ತು. ದೊಡ್ಡ ಮಗ ಬರುವ ದಿನ ಅಂತ ನಮ್ಮ ಅತ್ತೆಗೆ ಗಾಬರಿ. ಯಾರಿಗೂ ಹೇಳದೆ ಒಲೆಯ ಬೂದಿ, ಹುಣಸೆಹಣ್ಣು, ತೆಂಗಿನ ನಾರು ತಗೊಂಡು ಹೋಗಿ ತಾಮ್ರದ ಹಂಡೆ ಬೆಳಗುವ ಹಾಗೆ ಬೆಳಗಿದಳು. ಗೀರು ಹೋಯಿತು. ಗಿಳಿಯೂ ಅರ್ಧ ಹೋಯಿತು. ಸುತ್ತಲಿನ ನೀಲಿ ಎಲ್ಲ ಬೂಷ್ಟು ಹಿಡಿದ ರೊಟ್ಟಿಯ ಹಾಗೆ ಮಂಕಾಯಿತು. ತಾನು ಮಾಡಿದ್ದು ತಪ್ಪು ಅಂತ ಅವಳು ಕಡೆಯವರೆಗೂ ಒಪ್ಪಲಿಲ್ಲ. ಹುಣಸೆಹಣ್ಣು ಹಳೆಯದಿತ್ತು, ಅದಕ್ಕೇ ಹಾಗಾಯಿತು ಅನ್ನುತ್ತಿದ್ದಳು.

ಅವತ್ತು ಭಾವನವರು ಬಂದು ನೋಡಿದರು. ನಾನು ಬಾಗಿಲ ಹಿಂದೆ ನಿಂತಿದ್ದೆ. ಅದೇ ಹೊತ್ತಿಗೆ ಕಟಿಗಿ ಆಯಿ ಹೊರೆ ಹೊತ್ತು ಅಂಗಳಕ್ಕೆ ಬಂದಳು, ಮರುದಿನದ ಲಾರಿಗೆ ಹಾಕಲು. ಭಾವನವರು ಗಿಳಿಯ ಕಡೆ ನೋಡುತ್ತಲೇ ತಮ್ಮನಿಗೆ ಅಂದರು:

"ಬಣ್ಣ ಹ್ವಾದ ಲಾರಿ, ಕುಂಕುಮ ಇಲ್ಲದ ಹಣಿ, ಎರಡೂ ಒಂದ."

ಆಯಿ ಹೊರೆ ಕೆಳಗೆ ಒಗೆದಳು. ಸಿಂಬಿ ತೆಗೆದು ಬೆವರು ಒರೆಸಿಕೊಂಡಳು.

"ಇಲ್ನೋಡಪಾ ಸಾವ್ಕಾರ," ಎಂದಳು. "ನನ್ನ ಹಣಿ ಬರಿದಾಗಿ ಎಷ್ಟೋ ವರ್ಷ ಆತು. ಇಷ್ಟು ಭಾರ ಹೊತ್ಕೊಂಡು ದಿನಾ ನಡೀತೈತಿ. ನಿನ್ನ ಲಾರಿಗೇನ್ ಧಾಡಿ?"

ನಮ್ಮ ಅತ್ತೆ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿ ಬಂದಳು. ನಗು ತಡೆಯಲು ಆಗದೆ. ಭಾವನವರು ನಗಲಿಲ್ಲ, ಸಿಟ್ಟಿಗೂ ಏಳಲಿಲ್ಲ. ಇಂಥ ಮಾತು ಅವರಿಗೆ ಯಾರೂ ಆಡಿರಲಿಲ್ಲ ಅನಿಸುತ್ತದೆ. ತಮ್ಮನ ಕಡೆ ತಿರುಗಿ ತೀರ್ಮಾನ ಹೇಳಿದರು. ಕುಷ್ಟಗಿಯವನೊಬ್ಬ ಲಾರಿ ಕೇಳಿದ್ದಾನೆ. ಬೇಸಿಗೆ ಭತ್ತದ ಸುಗ್ಗಿಗೆ ತಾವೇ ಬಂದು ಲಾರಿಯಲ್ಲಿ ಕೂತು ಗದ್ದೆಯವರೆಗೆ ಹೋಗುತ್ತಾರೆ. ಹೋದ ಲಾರಿ ಹೋದ ಹಾಗೆ ಹೊರಗೆ ಬಂದರೆ ಸರಿ. ಇಲ್ಲದಿದ್ದರೆ ಕುಷ್ಟಗಿಯವನಿಗೆ ಕೊಡುತ್ತಾರೆ. ತಮ್ಮನಿಗೆ ಬಾಂಬೆ ಲೈನಿನ ಲಾರಿಯ ಮೇಲೆ ಡ್ರೈವರ್ ಕೆಲಸ ನೋಡಿ ಇಟ್ಟಿದ್ದೂ ಆಗಿತ್ತು.

ಬಾಂಬೆ ಲೈನ್ ಅಂದರೆ ಏನು ಅಂತ ನನಗೆ ಗೊತ್ತಿತ್ತು. ನನ್ನ ಸೋದರತ್ತೆಯ ಗಂಡ ಆ ಲೈನಿನಲ್ಲಿದ್ದ. ಅವನು ಮನೆಗೆ ಬಂದರೆ ಮಕ್ಕಳು ಅವ್ವನ ಹತ್ತಿರ ಓಡಿ ನೆಂಟರು ಬಂದಾರ ಅನ್ನುತ್ತಿದ್ದವು. ಆಮೇಲೆ ಒಂದು ಸಲ ಹೋದವನು ಘಟ್ಟದಲ್ಲಿ ಎಲ್ಲಿಯೋ ಲಾರಿ ಉರುಳಿ ಸತ್ತ ಅಂತ ಸುದ್ದಿ ಬಂತು, ಮನುಷ್ಯ ಬರಲಿಲ್ಲ. ನನ್ನ ಎರಡು ಮಕ್ಕಳು ಇನ್ನೂ ಸಾಲಿಗೆ ಹೋಗುತ್ತಿರಲಿಲ್ಲ. ನಾನು ಅತ್ತೆನೋ ಕರೆದೆನೋ ಅಂತ ಕೇಳಬೇಡಿ. ಅಳಲಿಲ್ಲ. ರೊಟ್ಟಿ ಮಾತ್ರ ಎರಡು ದಿನ ಹಂಚಿನ ಮೇಲೆ ಹೊತ್ತಿದವು.

ನಮ್ಮ ಮನೆಯವರು ಸುಮ್ಮನೆ ಕೂರಲಿಲ್ಲ. ಕ್ಯಾಂಪಿನ ನಾಲ್ಕು ಮಂದಿಯನ್ನು ಕರೆದುಕೊಂಡು ಕುಡುಗೋಲು, ಕೊಡಲಿ ಹಿಡಿದು ಹೋಗಿ ಬೆಳಗಿನಿಂದ ಸಂಜೆಯವರೆಗೆ ದಾರಿಗೆ ಬಾಗಿದ್ದ ಟೊಂಗೆಗಳನ್ನೆಲ್ಲ ಸವರಿ ಬಂದರು. ದಾರಿ ಬಾಚಿದ ತಲೆಯ ಹಾಗೆ ಕಂಡಿತು. ಎಲ್ಲರಿಗೂ ಖುಷಿ. ಮರುದಿನ ಲಾರಿ ಹೋಯಿತು. ತಿರುಗಿ ಬಂದಾಗ ನಾನೇ ನೋಡಿದೆ. ಮೊದಲು ಬಣ್ಣದ ಮೇಲೆ ಗೆರೆ ಇರುತ್ತಿದ್ದವು, ಈಗ ಬಣ್ಣ ಸುಲಿದು ತಗಡು ಬೆಳ್ಳಗೆ ಕಾಣುತ್ತಿತ್ತು. ಎಲೆ ಇದ್ದ ಹಸಿ ಟೊಂಗೆ ಲಾರಿ ತಾಕಿದರೆ ಬಾಗುತ್ತಿತ್ತು, ಬರೀ ಗೀರುತ್ತಿತ್ತು. ಅದನ್ನು ಕಡಿದು ಗೇಣುದ್ದದ ಮೋಟು ಬಿಟ್ಟಿದ್ದರು. ಮೋಟು ಬಾಗುವುದಿಲ್ಲ. ಸಾಲಾಗಿ ಈಟಿ ಹಿಡಿದು ನಿಂತ ಹಾಗೆ ಲಾರಿಯ ಮಗ್ಗುಲನ್ನು ತಿವಿದಿದ್ದವು.

ಆಗಲೇ ಗಂಗಾವತಿಯ ಪೇಂಟರ್ ಹತ್ತಿರ ಹೋಗಿದ್ದು. ಅವನು ಸುಲಿದ ಕಡೆ ನೀರು ಹಾಕುತ್ತ ವಾಟರ್ ಪೇಪರಿನಿಂದ ನುಣ್ಣಗೆ ಮಾಡಿ, ಕೆಂಪು ಅಸ್ತರು ಕೊಟ್ಟು, ಮೇಲೆ ನೀಲಿ ಬಳಿದ. ಗಿಳಿಗೆ ಕಣ್ಣು ಬರೆದ. ಸಣ್ಣ ಗೀರುಗಳನ್ನು ಹೇಗೆ ತಿಕ್ಕುವುದು ಅಂತ ತೋರಿಸಿ ಈ ವಾಸನೆಯ ಡಬ್ಬಿಯನ್ನು ಕೊಟ್ಟು ಕಳಿಸಿದ. ನಾನೂ ನಮ್ಮ ಅತ್ತೆಯೂ ಮಧ್ಯಾಹ್ನದ ಹೊತ್ತು ಹಳೆ ಪಂಚೆ ಹರಿದುಕೊಂಡು ತಿಕ್ಕಿದ್ದೇ ತಿಕ್ಕಿದ್ದು. ಆದರೆ ಪೇಂಟರ್ ಒಂದು ಮಾತು ನೆಟ್ಟಗೆ ಹೇಳಿದ್ದ. ಬಣ್ಣದ ಪದರು ಈರುಳ್ಳಿಯ ಸಿಪ್ಪೆಯಷ್ಟು. ಪ್ರತಿ ಸಲ ತಿಕ್ಕಿದಾಗ ಅದೂ ತೆಳ್ಳಗಾಗುತ್ತದೆ. ಗಾಯ ಮಾಯಿಸುವುದಕ್ಕಿಂತ ಗಾಯ ಆಗದ ಹಾಗೆ ನೋಡಿಕೊಳ್ಳಿ ಅಂದ.

ಹೇಗೆ ನೋಡಿಕೊಳ್ಳುವುದು? ಲಾರಿಯ ಮಗ್ಗುಲಿಗೆ ಗೋಣಿತಟ್ಟು ಇಳಿಬಿಟ್ಟು ನೋಡಿದೆವು. ತಟ್ಟಿನ ಒಳಗೆ ಧೂಳು ಸೇರಿ, ದಾರಿಯುದ್ದಕ್ಕೂ ಅದೇ ಉಜ್ಜಿ ಉಜ್ಜಿ ಇದ್ದ ಹೊಳಪೂ ಹೋಯಿತು.

ಒಂದು ದಿನ ಬುತ್ತಿ ತಗೊಂಡು ಹೊಲದ ಕಡೆ ಹೋಗುತ್ತಿದ್ದೆ. ದಂಡೆಯ ಮೇಲೆ ಆಯಿ ಆ ಮೋಟುಗಳನ್ನು ನೋಡುತ್ತ ನಿಂತಿದ್ದಳು. ಅಷ್ಟರಲ್ಲಿ ಅವು ಚಿಗುರಲು ಶುರುವಾಗಿದ್ದವು. ಒಂದು ಟೊಂಗೆ ಕಡಿದ ಕಡೆ ಒಂದು ಹಿಡಿ ಚಿಗುರು, ಎಳೆ ಮುಳ್ಳು, ಎಲ್ಲವೂ ದಾರಿಯ ಕಡೆಗೇ ಮುಖ.

"ಯಾವ ಮಹಾರಾಯ ಕಡದಾನಿದನ್ನ?" ಎಂದು ಕೇಳಿದಳು.

ನಮ್ಮ ಮನೆಯವರು ಅಂದೆ.

"ಲಾರಿ ಹೊಡಿಯಾಕ ಛಲೋ ಅದಾನ ಬಿಡು," ಎಂದಳು. "ಕೈ ಕಡದು ಮೊಣಕೈ ಬಿಟ್ಟಾನ. ಮೊಣಕೈಲೆ ತಿವೀತೈತಿ ಅದು. ನೆಲದ ಮ್ಯಾಲೆ ಜಾಲಿ ಕಡದ್ರ ಅದಕ್ಕ ಕ್ಷೌರ ಮಾಡಿದಂಗ ತಂಗಿ, ಮತ್ತ ಬರ್ತೈತಿ. ನೆಲದಾಗ ಗಂಟು ಇರ್ತೈತಿ. ಅದನ್ನ ಕೀಳಬೇಕು."

ನಾನು ಅವಳಿಗೆ ಕುಷ್ಟಗಿಯವನ ಸಂಗತಿ, ಬಾಂಬೆ ಲೈನಿನ ಸಂಗತಿ ಎಲ್ಲ ಹೇಳಿದೆ. ಕೇಳಿಸಿಕೊಂಡಳೋ ಇಲ್ಲವೋ ತಿಳಿಯಲಿಲ್ಲ. ಎಲೆಅಡಿಕೆ ಉಗಿದು ಹೋದಳು.

ಮರುದಿನ ಬೆಳಿಗ್ಗೆ ದಂಡೆಯ ತುದಿಯಲ್ಲಿ ಗುದ್ದಲಿಯ ಸದ್ದು. ಆಯಿ ಮೊದಲ ಬುಡ ಅಗೆಯುತ್ತಿದ್ದಳು. ಸುತ್ತ ಮಣ್ಣು ತೆಗೆದು, ಮೊಣಕಾಲೂರಿ, ನೆಲದ ಒಳಗಿನ ಗಂಟಿನ ಕೆಳಗೆ ಕೊಡಲಿ ಹಾಕುತ್ತಿದ್ದಳು. ಗಂಟು ಕಿತ್ತು ಬಂದಾಗ ಹಲ್ಲು ಕಿತ್ತವರ ಹಾಗೆ ಅದನ್ನು ಎತ್ತಿ ನೋಡಿ ಆಚೆ ಒಗೆಯುತ್ತಿದ್ದಳು.

ಇಲ್ಲಿ ಒಂದು ಮಾತು ಹೇಳಬೇಕು. ಆ ದಂಡೆಯ ಜಾಲಿ ಅವಳ ಹೊಲವಿದ್ದ ಹಾಗೆ. ಗುಡಿಸಲಿನಿಂದ ನಾಲ್ಕು ಮಾರು ದೂರ. ಕಡಿದಷ್ಟೂ ಚಿಗುರುತ್ತಿತ್ತು ಅಂತಲೇ ಅವಳ ಒಲೆ ಉರಿಯುತ್ತಿತ್ತು. ಇಷ್ಟು ವರ್ಷ ಅವಳು ಅದರ ಬುಡ ಮುಟ್ಟಿರಲಿಲ್ಲ. ಗಂಟು ಕಿತ್ತರೆ ಒಂದು ಸಲಕ್ಕೆ ಗಟ್ಟಿ ಕಟಿಗೆ ಸಿಗುತ್ತದೆ, ಆಮೇಲೆ ಏನೂ ಇಲ್ಲ. ಇದು ನನಗೆ ಹೊಳೆದಾಗ ಹೋಗಿ ಕೇಳಿದೆ, ಮುಂದೆ ನಿನ್ನ ಗತಿ ಏನು ಆಯಿ ಅಂತ.

"ನಿನ್ನ ಗಂಡ ಬಾಂಬೆಕ್ಕ ಹ್ವಾದ್ರ ನನ್ನ ಹೊರಿ ನಿಮ್ಮತ್ತಿ ಹೊತ್ಕೊಂಡು ಹೊಕ್ಕಾಳೇನು?" ಎಂದಳು.

ಇನ್ನೊಂದು ದಿನ ನಮ್ಮ ಅತ್ತೆ ಕೇಳಿದಾಗ ಬೇರೆ ಉತ್ತರ ಕೊಟ್ಟಳಂತೆ. ಆ ಸಾವ್ಕಾರನ ಮುಖ ಸಣ್ಣದಾಗುವುದನ್ನು ಒಂದು ಸಲ ನೋಡಬೇಕು, ಅದಕ್ಕೇ ಅಂತ. ಯಾವುದು ಖರೆ ನನಗೆ ಗೊತ್ತಿಲ್ಲ. ಎರಡೂ ಇರಬಹುದು. ಎರಡೂ ಅಲ್ಲದೆಯೂ ಇರಬಹುದು... ನಾನು ಮತ್ತೆ ಕೇಳಲಿಲ್ಲ. ಮಾಡುವವರನ್ನು ಯಾಕೆ ಮಾಡುತ್ತೀ ಅಂತ ಕೆದಕಿದರೆ ಅವರಿಗೂ ಸಂಕೋಚ.

ನಾವೂ ಸುಮ್ಮನೆ ನೋಡುತ್ತ ನಿಲ್ಲಲಿಲ್ಲ. ಒಲೆ ಕೆಲಸ ಮುಗಿಸಿ ನಾನು ಹೋಗುತ್ತಿದ್ದೆ, ನಮ್ಮ ಅತ್ತೆ ಮಕ್ಕಳನ್ನು ಕಟ್ಟಿಕೊಂಡು ಬರುತ್ತಿದ್ದಳು, ನಮ್ಮ ಮನೆಯವರು ಬಾಡಿಗೆ ಇಲ್ಲದ ದಿನ ಬರುತ್ತಿದ್ದರು. ಕ್ಯಾಂಪಿನ ಇಬ್ಬರು ಹೆಂಗಸರೂ ಬಂದರು, ಅವರ ಭತ್ತವೂ ಅದೇ ದಾರಿಯಲ್ಲಿ ಹೊರಗೆ ಹೋಗಬೇಕಿತ್ತಲ್ಲ. ಅವರದು ತೆಲುಗು, ಆಯಿಯದು ಯಲಬುರ್ಗಾದ ಬೈಗುಳ. ಒಬ್ಬರದು ಒಬ್ಬರಿಗೆ ಪೂರಾ ತಿಳಿಯುತ್ತಿತ್ತು. ಜಾಲಿಮುಳ್ಳು ಚುಚ್ಚಿದರೆ ಬಿಡುವುದಿಲ್ಲ, ಕೀವು ಆಗುತ್ತದೆ. ಆಯಿಯ ಬಲಗೈ ಬಾತು ಬದನೆಕಾಯಿ ಆಯಿತು. ಅರಿಷಿಣ ಹಚ್ಚಿ ಕಟ್ಟಿದೆ. ಎಡಗೈಯಲ್ಲಿ ಗುದ್ದಲಿ ಹಿಡಿದಳು. ನಾಲ್ಕು ದಿನ ಬಿಟ್ಟು ಮಾಡು ಅಂದರೆ ಸುಗ್ಗಿಯನ್ನು ನಿಲ್ಲಿಸಿ ಬಾ ಹಾಗಾದರೆ ಅಂದಳು.

ದಂಡೆಯ ದಾರಿ ಪೂರಾ ಬೋಳಾಯಿತು, ಒಂದು ಗಿಡದ ಹೊರತು. ತೂಬಿನ ಹತ್ತಿರ ದಾರಿ ತಿರುಗುತ್ತದೆ. ಅಲ್ಲಿ ಒಂದು ಹಳೆ ಜಾಲಿ, ಜಾಲಿ ಅನ್ನುವುದಕ್ಕಿಂತ ಮರ ಅನ್ನಬೇಕು. ಅದನ್ನು ಮುಟ್ಟಲು ಆಯಿ ಒಪ್ಪಲಿಲ್ಲ. ನಾಟಿ ಹಚ್ಚುವ ಹೆಂಗಸರು ಕೂಸುಗಳ ಜೋಳಿಗೆ ಕಟ್ಟುವುದು ಆ ಗಿಡಕ್ಕೇ, ಸುತ್ತಮುತ್ತ ಬೇರೆ ನೆರಳು ಇರಲಿಲ್ಲ. ಅದರ ಟೊಂಗೆಗಳನ್ನು ಹಿಂದಕ್ಕೆ ಎಳೆದು ದಪ್ಪ ಹಗ್ಗದಿಂದ ಬೊಡ್ಡೆಗೆ ಕಟ್ಟಿದಳು. ಲಾರಿಗೂ ದಾರಿ, ಕೂಸಿಗೂ ನೆರಳು ಅಂತ ಎಲ್ಲರೂ ಅಂದುಕೊಂಡೆವು.

ಸುಗ್ಗಿ ಬಂತು. ಭಾವನವರೂ ಬಂದರು. ಬೆಳಿಗ್ಗೆ ಲಾರಿ ಮನೆಯ ಮುಂದೆ ಇದ್ದಾಗಲೇ ಸುತ್ತ ಕೈ ಸವರಿ ನೋಡಿ, ಏನೂ ಅನ್ನದೆ ಕ್ಯಾಬಿನ್ ಹತ್ತಿದರು. ಎಡಗಡೆ, ಗಿಳಿಯ ಬಾಗಿಲಿನ ಪಕ್ಕ ಅವರ ಸೀಟು. ನಾನು ಅದಕ್ಕೂ ಮೊದಲೇ ಹಮಾಲರ ಬುತ್ತಿಯ ಬುಟ್ಟಿ ಹೊತ್ತು ತೂಬಿನ ಹತ್ತಿರ ಹೋಗಿದ್ದೆ. ಆಯಿ ಅಲ್ಲೇ ಕೌದಿ ಹಾಸಿ ಕುಳಿತಿದ್ದಳು, ತಮಾಷೆ ನೋಡಲು ಬಂದೀನಿ ಅಂದಳು.

ಗಿಡದ ಕಡೆ ನೋಡಿದೆ. ಹಗ್ಗ ಇರಲಿಲ್ಲ. ಊರಲ್ಲಿ ಹಗ್ಗ ಕಟ್ಟಿದಲ್ಲೇ ಇರುತ್ತದೆಯೇ? ಯಾರೋ ಕರು ಕಟ್ಟಲು ಬಿಚ್ಚಿಕೊಂಡು ಹೋಗಿದ್ದರು. ಟೊಂಗೆಗಳು ದಾರಿಯ ಮೇಲೆ ಮೊದಲಿನ ಹಾಗೆ ಕೈ ಚಾಚಿ ನಿಂತಿದ್ದವು. ಅಷ್ಟರಲ್ಲಿ ದಂಡೆಯ ಆ ತುದಿಯಲ್ಲಿ ಲಾರಿಯ ಸದ್ದು. ಓಡಿ ಹಗ್ಗ ತರುವಷ್ಟು ಹೊತ್ತು ಇರಲಿಲ್ಲ. ಕಡಿಯಲು ಕೊಡಲಿ ಗುಡಿಸಲಿನಲ್ಲಿ.

ಆಯಿ ಎದ್ದಳು. ಕೂತಿದ್ದ ಕೌದಿಯನ್ನೇ ಝಾಡಿಸಿ ಟೊಂಗೆಗಳ ಮೇಲೆ ಒಗೆದಳು. ಅದಕ್ಕೆ ಬೆನ್ನು ಕೊಟ್ಟು, ಹಿಮ್ಮಡಿ ಊರಿ, ಹಿಂದಕ್ಕೆ ಹಿಂದಕ್ಕೆ ಒತ್ತಿ ಗಿಡವನ್ನು ದಾರಿಯಿಂದ ಆಚೆ ತಳ್ಳಿ ನಿಂತಳು. ನನಗೂ ಬಾ ಅನ್ನಲಿಲ್ಲ. ನಾನು ಬುಟ್ಟಿ ಇಳಿಸಿ ಪಕ್ಕದ ಟೊಂಗೆ ಹಿಡಿಯಲು ಹೋದರೆ, ನೀ ಅತ್ಲಾಗ ನಿಂದ್ರು, ನಿನಗ ಮಕ್ಕಳದಾವ ಅಂದಳು.

ಲಾರಿ ತಿರುವಿಗೆ ಬಂದು ನಿಂತಿತು. ಭಾವನವರು ಕಿಟಕಿಯಿಂದ ತಲೆ ಹೊರಗೆ ಹಾಕಿದರು.

"ಏ ಮುದುಕಿ, ಗಾಲಿ ಕೆಳಗ ಬರ್ತಿ. ಸರಿ ಅತ್ಲಾಗ."

"ನಾ ಸರದ್ರ ಕಂಟಿ ಬರ್ತೈತಿ," ಎಂದಳು ಆಯಿ. "ನಿನಗ ಯಾವುದು ಬೇಕು ಹೇಳು ತಮ್ಮಾ."

ಅವರು ತಲೆ ಒಳಗೆ ಎಳೆದುಕೊಂಡರು. ನಮ್ಮ ಮನೆಯವರ ಮುಖ ನೋಡಿದೆ, ಬೂದಿಯ ಬಣ್ಣಕ್ಕೆ ತಿರುಗಿತ್ತು. ಲಾರಿಯನ್ನು ಹಿಂದಕ್ಕೆ ತಿರುಗಿಸಲು ದಂಡೆಯ ಮೇಲೆ ಜಾಗ ಇಲ್ಲ, ಒಂದು ಕಡೆ ಕಾಲುವೆಯ ನೀರು. ಆಯಿ ಬಾ ಬಾ ಅಂತ ಕೈ ಸನ್ನೆ ಮಾಡಿದಳು, ಎಮ್ಮೆ ಕರೆಯುವ ಹಾಗೆ. ಲಾರಿ ಇರುವೆ ಹರಿದಷ್ಟು ನಿಧಾನಕ್ಕೆ ಮುಂದೆ ಬಂತು. ಅದರ ಮಗ್ಗುಲು ಅವಳ ಸೀರೆಯನ್ನು ಸವರಿಕೊಂಡೇ ಹೋಯಿತು. ಗಿಳಿ ಅವಳ ಮೂಗಿನ ಮುಂದೆ ಹಾದುಹೋಗುವಾಗ ಅವಳು ಉಸಿರು ಒಳಗೆ ಎಳೆದುಕೊಂಡದ್ದು ನನಗೆ ಕಂಡಿತು. ಭಾವನವರ ಮುಖ ಅವಳ ತಲೆಯ ಮೇಲೇ ಇತ್ತು. ಅವರು ಕಣ್ಣು ಮುಚ್ಚಿದ್ದರು.

ಹಿಂದಿನ ಗಾಲಿ ದಾಟಿದ ಮೇಲೆ ಅವಳು ಸರಿದಳು. ಟೊಂಗೆ ಕೌದಿ ಸಮೇತ ರಪ್ಪನೆ ದಾರಿಗೆ ಬಡಿಯಿತು. ಅವಳ ಬೆನ್ನು ನೋಡಿದೆ. ಕೌದಿ ಎಷ್ಟು ದಪ್ಪ ಇದ್ದರೇನು, ಮುಳ್ಳು ಒಳಗೆ ಬಂದಿದ್ದವು. ಕೂರಿಸಿ ಒಂದೊಂದೇ ಕಿತ್ತೆ. ಹಗ್ಗ ಒಯ್ದವನ ಮನೆತನವನ್ನೆಲ್ಲ ಅವಳು ಸಮಾಧಾನವಾಗಿ ಬೈಯುತ್ತಿದ್ದಳು.

ಭತ್ತ ತುಂಬಿಕೊಂಡು ಲಾರಿ ತಿರುಗಿ ಬರುವಷ್ಟರಲ್ಲಿ ಚೀಲ ಕಟ್ಟುವ ಹಗ್ಗ ತಂದು ಟೊಂಗೆ ಕಟ್ಟಿದ್ದೆವು. ಡಾಂಬರು ರಸ್ತೆ ಮುಟ್ಟಿದ ಮೇಲೆ ಭಾವನವರು ಇಳಿದರು. ನಾವು ಹಿಂದೆಯೇ ನಡೆದು ಹೋಗಿ ದೂರ ನಿಂತೆವು. ಅವರು ಎಡಮಗ್ಗುಲಿಗೆ ಕೈ ಸವರಿದರು, ಏನೂ ಇಲ್ಲ. ಹಿಂದೆ ಸುತ್ತಿ ಬಲಮಗ್ಗುಲಿಗೆ ಬಂದರು. ಅಲ್ಲಿ, ಹಳದಿ ಪಟ್ಟಿಯ ಕೆಳಗೆ ಒಂದು ಗೀರು ಇತ್ತು. ಗದ್ದೆಯಲ್ಲಿ ಬಂಡಿಯ ನೊಗ ತಾಕಿತ್ತೋ ಏನೋ. ಉದ್ದ ಗೀರು. ನಾನು ನಿಂತ ಜಾಗದಿಂದಲೇ ಕಾಣುತ್ತಿತ್ತು. ನಮ್ಮ ಮನೆಯವರು ತಲೆ ತಗ್ಗಿಸಿದರು.

ಭಾವನವರು ಬೆರಳಿಗೆ ಎಂಜಲು ಹಚ್ಚಿಕೊಂಡರು. ಗೀರಿನ ಈ ತುದಿಯಿಂದ ಆ ತುದಿಯವರೆಗೆ ಎಳೆದರು. ಗೀರು ಮಾಯವಾಯಿತು. ಅದು ಆರಿ ಮತ್ತೆ ಕಾಣುವ ಮೊದಲು ಅವರು ಬೆನ್ನು ತಿರುಗಿಸಿದರು.

"ಏನೂ ಇಲ್ಲ," ಎಂದರು ತಮ್ಮನಿಗೆ. "ಕುಷ್ಟಗಿಯಾಂವಗ ನಾ ಹೇಳ್ತೀನಿ. ನೀ ನಡಿ, ಭತ್ತ ಇಳಿಸು."

ಆಯಿಯ ಮುಂದೆ ಹಾದುಹೋಗುವಾಗ ಒಂದು ಗಳಿಗೆ ನಿಂತರು. ಆಯಿ ಕೌದಿಗೆ ಸಿಕ್ಕ ಮುಳ್ಳು ಕೀಳುತ್ತಿದ್ದಳು. ಮುಖ ಸಣ್ಣದಾದದ್ದನ್ನು ನೋಡಿದೆಯಾ ಅಂತ ಆಮೇಲೆ ನಮ್ಮ ಅತ್ತೆ ಕೇಳಿದರೆ, "ನೋಡ್ಲಿಲ್ಲ ಬಿಡು, ಬಿಸಲಿತ್ತು," ಎಂದಳು.

ಲಾರಿ ನಮ್ಮಲ್ಲೇ ಉಳಿಯಿತು, ಇಂಜಿನ್ ಸಾಯುವವರೆಗೆ. ಆಮೇಲೆ ಬೇರೆ ಗಾಡಿ ಬಂತು, ಮಕ್ಕಳು ಓದಿದರು, ಮದುವೆಯಾದರು. ಆಯಿಗೆ ಮಾತ್ರ ದಂಡೆಯ ಕಟಿಗೆ ಮುಗಿಯಿತು. ಗುಡ್ಡದ ಕಡೆ, ಬಂಡೆಗಳ ಸಂದಿಯವರೆಗೆ ನಡೆದು ಹೋಗಿ ಕಡಿಯಬೇಕಾಯಿತು. ನಮ್ಮ ಮನೆಯವರು ಆ ಕಡೆ ಹೋದಾಗಲೆಲ್ಲ ಲಾರಿ ನಿಲ್ಲಿಸಿ ಅವಳ ಹೊರೆ ಹೇರಿಕೊಂಡು ಬರುತ್ತಿದ್ದರು. ಅಷ್ಟು ಮಾಡಿದೆವು. ಅವಳು ಮಾಡಿದ್ದಕ್ಕೆ ಅದು ಸರಿಸಮ ಅಂತ ನಾನು ಹೇಳುವುದಿಲ್ಲ.

ಆಮೇಲೆ ಖಾನಾವಳಿಗಳಿಗೆ ಗ್ಯಾಸ್ ಬಂತು. ಕೆಲವು ದಿನ ಹನುಮನಹಳ್ಳಿಯ ಚಹಾ ಅಂಗಡಿಗಳಿಗೆ ಕೊಟ್ಟಳು, ಅಲ್ಲಿಯೂ ಗ್ಯಾಸ್ ಬಂತು. ಒಂದು ದಿನ ಬಂದು, ಯಲಬುರ್ಗಾ ಕಡೆ ತಂಗಿಯ ಮಗ ಕರೆದಾನ, ಹೊಕ್ಕೀನಿ ಅಂದಳು. ನಮ್ಮ ಮನೆಯವರೇ ಬಿಟ್ಟು ಬರಲು ಹೊರಟರು. ಅಷ್ಟು ವರ್ಷ ಚೀಲದ ಮೇಲೆ ಕೂತವಳು ಅವತ್ತು ಮೊದಲ ಸಲ ಕ್ಯಾಬಿನ್ನಿನಲ್ಲಿ ಕುಳಿತಳು. ಸೀಟು ಒತ್ತಿ ನೋಡಿ, ಇಷ್ಟು ಮೆತ್ತಗ ಇದ್ರ ಡ್ರೈವರ್‌ಗೆ ನಿದ್ದಿ ಬರದ ಇರ್ತೈತೇನು ಅಂದಳು. ಕೌದಿಯನ್ನು ಮಡಿಲಲ್ಲಿ ಇಟ್ಟುಕೊಂಡಿದ್ದಳು. ನಾನು ಅವಳನ್ನು ಕಂಡದ್ದು ಅದೇ ಕಡೆಯ ಸಲ...

ಸತ್ತ ಸುದ್ದಿ ಬಂದದ್ದು ಬಹಳ ತಡವಾಗಿ. ಕಳೆ ತೆಗೆಯಲು ಬಂದ ಆ ಸೀಮೆಯ ಹೆಂಗಸೊಬ್ಬಳು ಮಾತಿಗೆ ಮಾತು ಬಂದು ಹೇಳಿದಳು. ಯಾವ ತಿಂಗಳು, ಯಾವ ತಿಥಿ, ಅವಳಿಗೂ ಗೊತ್ತಿರಲಿಲ್ಲ. ನಾನು ಹೌದಾ ಅಂದು ಅಕ್ಕಿ ಆರಿಸುವುದನ್ನು ಮುಗಿಸಿದೆ. ಆಮೇಲೆ ಆ ಅಕ್ಕಿಯಲ್ಲಿ ಕಲ್ಲು ಹಾಗೇ ಇದ್ದವು ಅಂತ ಉಂಡವರು ಹೇಳಿದರು.

ನಮ್ಮ ಮನೆಯವರು ಹೋಗಿ ಈಗ ಕೆಲವು ವರ್ಷಗಳಾದವು. ಈ ಮನೆಯಲ್ಲೇ, ಹೊರಸಿನ ಮೇಲೆ, ಸಾರಿಗೆ ಉಪ್ಪು ಕಡಿಮೆ ಅಂತ ಬೈದ ದಿನವೇ ಹೋದರು. ಅಷ್ಟು ವರ್ಷದಲ್ಲಿ ಮನೆಗೆ ಬಂದು ಉಣ್ಣದ ದಿನಗಳು ಕಡಿಮೆ, ಉಪ್ಪಿನ ಜಗಳ ಇಲ್ಲದ ದಿನಗಳೂ ಕಡಿಮೆ. ಬಾಯಿಗೆ ನೀರು ಬಿಡಲು ನಾನು ಹತ್ತಿರ ಇದ್ದೆ. ಲೈನಿನ ಮೇಲೆ ಹೋದವರ ಹೆಂಡಂದಿರಲ್ಲಿ ಎಷ್ಟು ಮಂದಿಗೆ ಅಷ್ಟು ಸಿಕ್ಕಿತು? ನನಗೆ ಸಿಕ್ಕಿತು. ದೇವರು ಕೊಟ್ಟ ಅಂತ ಸೊಸೆ ಅನ್ನುತ್ತಾಳೆ. ದೇವರು ಕೊಟ್ಟಿರಬಹುದು, ಬೆನ್ನಿಗೆ ಮುಳ್ಳು ಚುಚ್ಚಿಸಿಕೊಂಡವಳನ್ನು ನಾನು ಕಣ್ಣಾರೆ ನೋಡಿದ್ದೇನೆ.

ಹಿರಿಯರಿಗೆ ಎಡೆ ಇಡುವ ಅಮಾವಾಸ್ಯೆಗೆ ನಾನು ಒಂದು ಎಲೆ ಹೆಚ್ಚು ಹಾಕಿಸುತ್ತೇನೆ. ಈ ವರ್ಷ ಮೊಮ್ಮಗಳು ಎಲೆಗಳನ್ನು ಎಣಿಸಿ ಕೇಳಿದಳು:

"ಈ ಎಲಿ ಯಾರ್ದಜ್ಜಿ, ಕಟಿಗಿ ಆಯಿದಾ? ಆಕಿ ನಮಗ ಏನಾಗಬೇಕು?"

"ಏನೂ ಆಗಬೇಕಾಗಿಲ್ಲ," ಎಂದೆ. "ನಿಮ್ಮಜ್ಜ ದಿನಾ ಮನಿಗೆ ಬಂದು ಉಂಡ, ಆಕಿ ದೆಸಿಯಿಂದ. ಎಡಿ ಇಡು."

ಇಟ್ಟಳು. ಕಟಕ ರೊಟ್ಟಿ, ಶೇಂಗಾ ಹಿಂಡಿ, ಪುಂಡಿಪಲ್ಯ, ಮೇಲೆ ಒಂದು ಹಸಿ ಉಳ್ಳಾಗಡ್ಡಿ. ಮಾಳಿಗೆಯ ಮೇಲೆ ಇಟ್ಟು ಬಂದೆವು. ಕಾಗೆ ಬರುತ್ತದೋ ನೋಡೋಣ ಅಂತ ಹುಡುಗಿ ಅಲ್ಲೇ ನಿಂತಳು. ಕೈ ಹಿಡಿದು ಕೆಳಗೆ ಕರೆದುಕೊಂಡು ಬಂದೆ. ಇದ್ದಾಗಲೂ ಆಯಿಗೆ ಬಡಿಸಿ ನಾನು ಒಳಗೆ ಹೋಗಿಬಿಡುತ್ತಿದ್ದೆ. ಎದುರಿಗೆ ಯಾರಾದರೂ ನಿಂತರೆ ಅವಳು ಉಣ್ಣುತ್ತಿರಲಿಲ್ಲ.